ಕಲ್ಲು ಹೊಲಕ್ಕೆ ಯಾವ ಕೂರಿಗೆ ಹೊಂದುತ್ತದೆ? ನಿಮ್ಮ ಹೊಲದಲ್ಲೇ ಪರೀಕ್ಷಿಸುವ ಕ್ರಮ

ರೋಹಿಣಿ ಮಳೆಗೆ ಇನ್ನೂ ತಿಂಗಳಿರುವಾಗಲೇ ಈ ಪ್ರಶ್ನೆ ಬರತೊಡಗುತ್ತದೆ. ಮೊಳಕಾಲ್ಮುರು, ಚಳ್ಳಕೆರೆ, ಜಗಳೂರು ಕಡೆಯ ಓದುಗರು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: ನಮ್ಮದು ಕಲ್ಲು ಹೊಲ, ಯಾವ ಟ್ರ್ಯಾಕ್ಟರ್ ಕೂರಿಗೆ ತರಲಿ? ಕಲ್ಲನ್ನೆಲ್ಲ ಆಯಿಸಲೇಬೇಕೆ?

ಕಂಪನಿಯ ಹೆಸರೊಂದನ್ನು ಹೇಳಿ ಮುಗಿಸಬಹುದಾದ ಪ್ರಶ್ನೆ ಇದಲ್ಲ. ಹಿರಿಯೂರಿನ ಎರೆ ಹೊಲದಲ್ಲಿ ಗೆರೆ ಎಳೆದಂತೆ ಬಿತ್ತುವ ಯಂತ್ರವೇ ಜಗಳೂರಿನ ಕಲ್ಲು ಮಸಾರಿಗೆ, ಅಂದರೆ ಕಲ್ಲು ಬೆರೆತ ಕೆಂಪು ನೆಲಕ್ಕೆ, ಬಂದರೆ ಕಲ್ಲಿನ ಮೇಲೆ ಕುಣಿದು ಬೀಜವನ್ನು ಮೇಲೆಯೇ ಚೆಲ್ಲಿ ಹೋಗಬಹುದು. ಕಲ್ಲು ಹೊಲದಲ್ಲಿ ಕೂರಿಗೆಯ ಯೋಗ್ಯತೆ ಗೊತ್ತಾಗುವುದು ಒಂದೇ ಕಡೆ: ಕಲ್ಲು ತಾಗಿದ ಜಾಗದಲ್ಲಿ ಬೀಜ ಎಷ್ಟು ಆಳಕ್ಕೆ ಬಿತ್ತು ಎಂಬುದರಲ್ಲಿ. ಅದನ್ನು ಮಾರುವವರು ಹೇಳಲಾರರು, ನೀವೇ ನೋಡಬೇಕು. ನೋಡುವುದು ಕಷ್ಟವೂ ಅಲ್ಲ.

ಬೇಕಾಗುವ ಸಾಮಾನು ಇಷ್ಟೇ: ಅಳತೆ ಟೇಪು, ಗ್ರಾಂ ತೋರಿಸುವ ತಕ್ಕಡಿ, ಕೂರಿಗೆಯ ಬೀಜದ ಕೊಳವೆಗೊಂದರಂತೆ ಪ್ಲಾಸ್ಟಿಕ್ ಚೀಲ, 13.5 ಮೀಟರ್ ಉದ್ದದ ಹಗ್ಗ, ಬಣ್ಣದ ಬಟ್ಟೆ ಕಟ್ಟಿದ ಗೂಟಗಳು, ಸುಣ್ಣ, ಒಂದು ಕುಡುಗೋಲು, ಬರೆದಿಡಲು ಪುಸ್ತಕ. ಹಗ್ಗಕ್ಕೆ ಸರಿಯಾಗಿ ನಡುವೆ ಒಂದು ಗಂಟು ಹಾಕಿಡಿ. ಆ ಅಳತೆಯೇ ಏಕೆ ಎಂಬುದನ್ನು ಆರನೆಯ ಹಂತದಲ್ಲಿ ಹೇಳುತ್ತೇನೆ.

1. ಮೊದಲು ಕಲ್ಲನ್ನು ಓದಿ

ಹೊಲದ ಕಲ್ಲೆಲ್ಲ ಒಂದೇ ಅಲ್ಲ. ಕಡಲೆ ಗಾತ್ರದಿಂದ ನಿಂಬೆಹಣ್ಣಿನ ಗಾತ್ರದವರೆಗಿನ ನೊರಜು ಒಂದು ಬಗೆ. ಮುಷ್ಟಿಗಿಂತ ದೊಡ್ಡದಾಗಿ, ಕೈಯಿಂದ ಎತ್ತಬಹುದಾದ ಬಿಡಿಗಲ್ಲು ಇನ್ನೊಂದು. ಹಾರೆ ಹಾಕಿ ಮೀಟಬೇಕಾದ ಗುಂಡು ಮೂರನೆಯದು. ನಾಲ್ಕನೆಯದು ಅರೆ, ಅಂದರೆ ನೆಲದೊಳಗಿನಿಂದಲೇ ಎದ್ದು ಬಂದಿರುವ ಹಾಸುಬಂಡೆ.

ಗುಂಡು ಯಾವುದು, ಅರೆ ಯಾವುದು ಎಂದು ಅನುಮಾನ ಬಂದರೆ ಪಕ್ಕದಲ್ಲಿ ಒಂದು ಮೊಳ ಅಗೆದು ಹಾರೆಯಿಂದ ಮೀಟಿ ನೋಡಿ. ಸ್ವಲ್ಪವಾದರೂ ಅಲುಗಿದರೆ ಗುಂಡು. ಅಲುಗದೆ ಹಾರೆಯೇ ಕೈಗೆ ಝುಮ್ಮೆನ್ನಿಸಿ ಹಿಂದಕ್ಕೆ ಬಂದರೆ ಅರೆ. ಅರೆಯ ಜೊತೆ ಗುದ್ದಾಡಬೇಡಿ. ಅದರ ಸುತ್ತ ಸುಣ್ಣ ಸುರಿದು, ಒಂದು ಗೂಟ ನೆಟ್ಟು, ಚಾಲಕನಿಗೆ ತೋರಿಸಿ. ಅಲ್ಲಿ ಕೂರಿಗೆಯನ್ನು ಎತ್ತಿ ದಾಟಲಿ.

ಬಿಳಿ ಬೆಣಚುಕಲ್ಲು ಹೆಚ್ಚಿರುವ ಹೊಲವಾದರೆ ಅದನ್ನೂ ಬರೆದುಕೊಳ್ಳಿ. ಬೆಣಚು ಕಬ್ಬಿಣಕ್ಕಿಂತ ಗಟ್ಟಿ. ನೆಲ ಸೀಳುವ ಕುಳದ ತುದಿಯನ್ನು ಅರದಂತೆ ತೇಯುತ್ತದೆ. ಅಂಥ ಹೊಲಕ್ಕೆ ತುದಿ ಬದಲಾಯಿಸಲು ಬರುವ ಕುಳವೇ ಬೇಕು.

2. ಯಾವ ಕಲ್ಲು ತೆಗೆಯಬೇಕು, ಯಾವುದನ್ನು ಬಿಡಬೇಕು

ಹೆಚ್ಚು ಹಣ ಹಾಳಾಗುವುದು ಈ ಹಂತದಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ನನ್ನ ಲೆಕ್ಕ ಸರಳ: ಮುಷ್ಟಿಗಿಂತ ದೊಡ್ಡದನ್ನು ತೆಗೆಯಿರಿ, ಚಿಕ್ಕದನ್ನು ಬಿಡಿ. ನೊರಜು ಕಲ್ಲು ನಿಮ್ಮ ಶತ್ರುವಲ್ಲ. ಮಳೆಹನಿ ನೇರವಾಗಿ ಮಣ್ಣಿಗೆ ಬಡಿಯದಂತೆ ಅದು ತಡೆಯುತ್ತದೆ, ಹರಿಯುವ ನೀರಿನ ಓಟವನ್ನು ಕುಗ್ಗಿಸುತ್ತದೆ, ನೆಲದ ತೇವ ಬೇಗ ಆರದಂತೆ ಹೊದಿಕೆಯಾಗುತ್ತದೆ. ಕಡಿಮೆ ಮಳೆಯ ನಮ್ಮ ಸೀಮೆಯಲ್ಲಿ ಇದು ಸಣ್ಣ ಉಪಕಾರವಲ್ಲ. ಹೊಲವನ್ನು ಅಂಗಳದಂತೆ ನುಣ್ಣಗೆ ಮಾಡಲು ಹೋಗಿ ಬುಟ್ಟಿಗಟ್ಟಲೆ ನೊರಜು ಹೊತ್ತು ಹಾಕಿದರೆ, ಅದರ ಜೊತೆ ಹೋಗುವುದು ಮೇಲ್ಮಣ್ಣು. ಮಸಾರಿಯಲ್ಲಿ ಆ ಮೇಲ್ಮಣ್ಣೇ ಗೇಣುದ್ದ ಇರುತ್ತದೆ.

ತೆಗೆಯಲು ಒಳ್ಳೆಯ ಸಮಯ ಭರಣಿ, ಕೃತ್ತಿಕೆ ಮಳೆಗಳ ನಡುವೆ. ಒಂದು ಹದ ಮಳೆಯಾದ ಮೇಲೆ ಕಲ್ಟಿವೇಟರ್‌ನಿಂದ ಉದ್ದಕ್ಕೂ ಅಡ್ಡಕ್ಕೂ ಹೊಡೆಯಿರಿ. ಕೂಡಲೇ ಆಯಲು ಹೋಗಬೇಡಿ. ಇನ್ನೊಂದು ಮಳೆ ಬೀಳಲಿ. ಮಣ್ಣು ತೊಳೆದುಹೋಗಿ ಕಲ್ಲು ತಾನಾಗಿ ಎದ್ದು ಕಾಣುತ್ತದೆ, ಆಯುವವರ ಕೆಲಸ ಹಗುರವಾಗುತ್ತದೆ. ಸಾಲು ಹಿಡಿದು ಆಯ್ದು, ಹತ್ತು ಹೆಜ್ಜೆಗೊಂದು ಗುಡ್ಡೆ ಹಾಕಿ, ಟ್ರೈಲರ್‌ಗೆ ತುಂಬಿಸಿ.

ಆಳವಾಗಿ ಮಣ್ಣು ಮಗುಚುವ ನೇಗಿಲನ್ನು ತೆಳು ಮಸಾರಿಗೆ ಹಾಕಬೇಡಿ. ಕೆಳಗೆ ತೆಪ್ಪಗೆ ಮಲಗಿದ್ದ ಕಲ್ಲನ್ನು ಅದು ಪ್ರತಿ ವರ್ಷ ಮೇಲಕ್ಕೆ ತರುತ್ತದೆ, ನೀವು ಪ್ರತಿ ವರ್ಷ ಆಯುತ್ತಲೇ ಇರಬೇಕಾಗುತ್ತದೆ.

ಗುಂಡುಗಳಿಗೆ ಜೆಸಿಬಿ ಕರೆಸುವುದಾದರೆ ಗಂಟೆಯ ಲೆಕ್ಕ ಶುರುವಾಗುವ ಮುಂಚೆಯೇ ಎಲ್ಲ ಗುಂಡುಗಳಿಗೂ ಸುಣ್ಣ ಹಚ್ಚಿಟ್ಟಿರಿ. ಯಂತ್ರ ಹೊಲದಲ್ಲಿ ನಿಂತಿರುವಾಗ ಕಲ್ಲು ಹುಡುಕುತ್ತ ಓಡಾಡಿದರೆ ದುಡ್ಡು ಸುಮ್ಮನೆ ಹೋಗುತ್ತದೆ. ಬಕೆಟ್ಟಿನಲ್ಲಿ ಬಂದ ಮಣ್ಣನ್ನು ಅಲ್ಲೇ ಅಲುಗಾಡಿಸಿ ಉದುರಿಸಲು ಹೇಳಿ, ಗುಂಡು ಎದ್ದ ಗುಂಡಿಯನ್ನು ಅದೇ ಮಣ್ಣಿನಿಂದ ಮುಚ್ಚಿಸಿ.

ಸ್ವಂತ ಟ್ರ್ಯಾಕ್ಟರ್‌ಗೆ ಸರಪಳಿ ಕಟ್ಟಿ ಗುಂಡು ಎಳೆಯುವವರಿಗೆ ಒಂದು ಎಚ್ಚರಿಕೆ. ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಕೆಳಗಿರುವ ಎಳೆಪಟ್ಟಿಗೇ ಕಟ್ಟಬೇಕು. ಮೇಲಿನ ಕೊಂಡಿಗೆ ಕಟ್ಟಿ ಎಳೆದರೆ ಮುಂದಿನ ಚಕ್ರಗಳು ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಚಾಲಕನಿಗೆ ಜಿಗಿಯಲು ಕೂಡ ಸಮಯ ಸಿಗುವುದಿಲ್ಲ. ಎಳೆಯುವಾಗ ಸರಪಳಿಯ ನೇರಕ್ಕೆ ಯಾರೂ ನಿಲ್ಲಬಾರದು. ಸಿಡಿಮದ್ದಿನ ಯೋಚನೆಯಂತೂ ಬೇಡವೇ ಬೇಡ, ಅದಕ್ಕೆ ಪರವಾನಗಿ ಇರುವವರೇ ಬೇಕು.

ಮುಟ್ಟಲೇಬಾರದ ಕಲ್ಲುಗಳೂ ಇವೆ. ಬಾಂದುಕಲ್ಲು, ಅಂದರೆ ಸರ್ವೆಯವರು ಗಡಿಗೆ ನೆಟ್ಟದ್ದು, ಸರಿಸಿದರೆ ಅಪರಾಧ. ಪಕ್ಕದವರ ಜೊತೆ ತಲೆಮಾರು ಉಳಿಯುವ ವ್ಯಾಜ್ಯವೂ ಹೌದು. ಅಕ್ಷರವಿರುವ ಕಲ್ಲು, ವೀರಗಲ್ಲು ಸಿಕ್ಕರೆ ಒಡೆಯಬೇಡಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು ಇಂಥ ಬಂಡೆಗಳ ಮೇಲಿಂದಲೇ. ಅಂಥದ್ದು ಕಂಡರೆ ತಹಶೀಲ್ದಾರ್ ಕಚೇರಿಗೆ ತಿಳಿಸಿ.

ಆಯ್ದ ಕಲ್ಲನ್ನು ಏನು ಮಾಡುವುದು? ಹಳ್ಳಕ್ಕೆ, ರಸ್ತೆ ಬದಿಗೆ ಸುರಿಯಬೇಡಿ. ಇಳಿಜಾರಿಗೆ ಅಡ್ಡಲಾಗಿ ಗೇಣಗಲ ಕಾಲುವೆ ತೋಡಿ, ದೊಡ್ಡದನ್ನು ಕೆಳಗೆ, ಚಿಕ್ಕದನ್ನು ಮೇಲೆ ಸಂದಿ ಮುಚ್ಚುವಂತೆ ಜೋಡಿಸಿದರೆ ಗಟ್ಟಿಯಾದ ಕಲ್ಲು ಬದು. ಮಣ್ಣಿನ ಬದು ಮೊದಲೇ ಇದ್ದರೆ, ಹೆಚ್ಚುವರಿ ನೀರು ಹೊರಬೀಳುವ ಕೋಡಿಗೆ ಈ ಕಲ್ಲನ್ನು ಹಾಸಿ. ಬದು ಒಡೆಯುವುದು ಅಲ್ಲಿಯೇ. ಮಾರಾಟಕ್ಕೆ ಸಾಗಿಸುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಪಡೆಯಬೇಕು.

3. ಹೋಲಿಸಬೇಕಾದ ಯಂತ್ರಗಳನ್ನು ತಿಳಿಯಿರಿ

ಎಲ್ಲ ಕೂರಿಗೆಯಲ್ಲೂ ಎರಡು ಭಾಗಗಳನ್ನು ಬೇರೆ ಬೇರೆಯಾಗಿ ನೋಡಿ: ಬೀಜವನ್ನು ಅಳೆದು ಬಿಡುವ ಭಾಗ, ನೆಲವನ್ನು ಸೀಳುವ ಭಾಗ. ಅಂಗಡಿಯಲ್ಲಿ ಮಾತು ನಡೆಯುವುದು ಮೊದಲನೆಯದರ ಬಗ್ಗೆ. ಕಲ್ಲು ಹೊಲದಲ್ಲಿ ಸೋಲುವುದು ಎರಡನೆಯದು.

ಬೀಜ ಬಿಡುವ ಭಾಗದಲ್ಲಿ ನಾಲ್ಕು ಬಗೆ. ಎತ್ತಿನದಿರಲಿ ಟ್ರ್ಯಾಕ್ಟರಿನದಿರಲಿ, ಬಟ್ಟಲಿಗೆ ಕೈಯಿಂದ ಬೀಜ ಬಿಡುವ ಕೂರಿಗೆ ಒಂದು. ಇದರಲ್ಲಿ ಬಿಡುವವರ ಕೈಯೇ ಯಂತ್ರ. ಪಳಗಿದ ಕೈಯಾದರೆ ಬೀಜ ಚೆನ್ನಾಗಿ ಹರಡುತ್ತದೆ, ಮಧ್ಯಾಹ್ನ ಮೀರಿ ಕೈ ಸೋತಾಗ ಸಾಲು ದಟ್ಟವಾಗಿಯೋ ತೆಳ್ಳಗಾಗಿಯೋ ಹೋಗುತ್ತದೆ. ಎರಡನೆಯದು ಹಲ್ಲುರುಳೆಯದು: ಪೆಟ್ಟಿಗೆಯ ಕೆಳಗೆ ಹಲ್ಲು ಕೊರೆದ ಉರುಳೆ ತಿರುಗುತ್ತ ಬೀಜವನ್ನು ಧಾರೆಯಾಗಿ ಬಿಡುತ್ತದೆ. ರಾಗಿ, ನವಣೆಯಂಥ ಸಣ್ಣ ಬೀಜಕ್ಕೂ ಸಾಗುತ್ತದೆ, ಆದರೆ ಶೇಂಗಾ ಬೀಜದ ಸಿಪ್ಪೆ ಸುಲಿಯುವ, ಬೇಳೆ ಒಡೆಯುವ ಅಪಾಯವಿದೆ. ಮೂರನೆಯದು ಓರೆ ತಟ್ಟೆಯದು: ಓರೆಯಾಗಿ ಕೂರಿಸಿದ ತಟ್ಟೆಯ ಗುಳಿಗಳು ಒಂದೊಂದೇ ಬೀಜವನ್ನು ಹೊತ್ತು ತಂದು ಬಿಡುತ್ತವೆ. ಶೇಂಗಾ, ಮೆಕ್ಕೆಜೋಳಕ್ಕೆ ನಾನು ಮೊದಲು ನೋಡುವುದು ಇದನ್ನೇ. ಬೆಳೆಗೆ ತಕ್ಕ ತಟ್ಟೆ ಜೊತೆಯಲ್ಲಿ ಕೊಡುತ್ತಾರೆಯೇ ಎಂದು ಕೇಳಿ. ನಾಲ್ಕನೆಯದು ಗಾಳಿಯ ಸೆಳೆತದಿಂದ ಬೀಜ ಹಿಡಿಯುವ ನ್ಯುಮ್ಯಾಟಿಕ್ ಪ್ಲಾಂಟರ್. ಅಳತೆ ಬಹಳ ನಿಖರ, ಬೆಲೆಯೂ ಹೆಚ್ಚು. ಕಲ್ಲು ಮಸಾರಿಯಲ್ಲಿ ಆ ನಿಖರತೆ ಕುಳದ ಹತ್ತಿರ ಬರುವಷ್ಟರಲ್ಲಿ ಕರಗಿಹೋಗುತ್ತದೆ.

ಇನ್ನು ಸೀಳುವ ಭಾಗ. ತಾಳು ಎಂದರೆ ತುದಿಗೆ ಕುಳ ಇರುವ, ನೆಲಕ್ಕಿಳಿಯುವ ಕಾಲು. ಚೌಕಟ್ಟಿಗೆ ಬಿಗಿದ ಗಟ್ಟಿ ತಾಳು ಕಲ್ಲಿಗೆ ಬಡಿದರೆ ಬಾಗುತ್ತದೆ, ಇಲ್ಲವೇ ಇಡೀ ಕೂರಿಗೆಯನ್ನೇ ಎತ್ತಿಬಿಡುತ್ತದೆ. ಒಂದು ತಾಳಿಗೆ ಕಲ್ಲು ಸಿಕ್ಕರೆ ಎಲ್ಲ ತಾಳುಗಳ ಬೀಜ ಮೇಲಕ್ಕೆ ಬೀಳುತ್ತದೆ. ಸ್ಪ್ರಿಂಗ್ ತಾಳು ಕಲ್ಲು ತಾಗಿದಾಗ ತಾನೊಂದೇ ಹಿಂದಕ್ಕೆ ಸರಿದು, ದಾಟಿದ ಮೇಲೆ ತಿರುಗಿ ನೆಲಕ್ಕಿಳಿಯುತ್ತದೆ. ತಟ್ಟೆಯಂತೆ ಉರುಳುವ ಡಿಸ್ಕ್ ಕಲ್ಲಿನ ಮೇಲೆ ಹತ್ತಿ ಇಳಿಯುತ್ತದೆ, ಮುರಿಯುವುದು ಕಡಿಮೆ, ಆದರೆ ಹತ್ತಿದಷ್ಟು ದೂರವೂ ಬೀಜ ಆಳಕ್ಕೆ ಹೋಗುವುದಿಲ್ಲ. ಜೋಡಿ ಡಿಸ್ಕಿನ ನಡುವೆ ಕಲ್ಲು ಸಿಕ್ಕಿಕೊಂಡರೆ ತಿರುಗುವುದೇ ನಿಲ್ಲುತ್ತದೆ. ಮುಷ್ಟಿಗಲ್ಲು ಇನ್ನೂ ಉಳಿದಿರುವ ಹೊಲಕ್ಕೆ ಸ್ಪ್ರಿಂಗ್ ತಾಳನ್ನೇ ಆರಿಸಿ. ಸ್ಪ್ರಿಂಗ್ ತೀರ ಸಡಿಲವಾದರೆ ಗಟ್ಟಿ ನೆಲದಲ್ಲೂ ಹಿಂದೆ ಸರಿದು ಬೀಜ ಮೇಲೆಯೇ ಉಳಿಯುತ್ತದೆ, ಆದ್ದರಿಂದ ಬಿಗಿ ಹೊಂದಿಸಲು ನಟ್ಟು ಇರುವುದನ್ನು ನೋಡಿಕೊಳ್ಳಿ.

ಕೆಲವು ಕೂರಿಗೆಗಳ ತಾಳಿಗೆ ಶಿಯರ್ ಬೋಲ್ಟ್ ಇರುತ್ತದೆ. ಕಲ್ಲಿನ ಹೊಡೆತಕ್ಕೆ ತಾನು ಮುರಿದು ತಾಳನ್ನು ಉಳಿಸುವುದೇ ಅದರ ಕೆಲಸ. ಪದೇ ಪದೇ ಮುರಿಯುತ್ತದೆ ಎಂದು ಗಟ್ಟಿ ಬೋಲ್ಟ್ ಹಾಕಿಸುವವರು ಬಹಳ ಜನ. ಮುಂದಿನ ಕಲ್ಲಿಗೆ ಚೌಕಟ್ಟೇ ಸೀಳುತ್ತದೆ. ಅದೇ ಅಳತೆಯ, ಅದೇ ಮೆದುವಿನ ಹತ್ತು ಬೋಲ್ಟುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ.

ಕೊಳ್ಳುವ ಮುಂಚೆ ಬಾಡಿಗೆಗೆ ತಂದು ನೋಡಿ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಸಿಗುವುದನ್ನು ಒಂದು, ಊರಿನಲ್ಲಿ ಈಗ ನಡೆಯುತ್ತಿರುವುದನ್ನು ಇನ್ನೊಂದು ಎಂದು ಎರಡನ್ನು ಹೋಲಿಸಿದರೆ ಸಾಕು. ಸಬ್ಸಿಡಿಯ ವಿವರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಫ್ರೂಟ್ಸ್ (ಸರ್ಕಾರದ ರೈತ ನೋಂದಣಿ) ಗುರುತಿನ ಸಂಖ್ಯೆ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ.

4. ಗುಂಟೆ ಲೆಕ್ಕದಲ್ಲಿ ಬೀಜ ಅಳೆಯಿರಿ

ಕ್ಯಾಲಿಬ್ರೇಷನ್ ಎಂದು ಪುಸ್ತಕಗಳಲ್ಲಿ ಬರೆಯುವುದು ಇದನ್ನೇ: ಎಕರೆಗೆ ಎಷ್ಟು ಬೀಜ ಬೀಳುತ್ತದೆ ಎಂದು ಬಿತ್ತುವ ಮುಂಚೆಯೇ ತಿಳಿಯುವುದು. ಎರಡು ಯಂತ್ರಗಳೂ ಒಂದೇ ಪ್ರಮಾಣ ಬೀಜ ಬಿಡದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ.

ಕೂರಿಗೆಯ ನೆಲಚಕ್ರವನ್ನು, ಅಂದರೆ ನೆಲಕ್ಕೆ ತಾಗಿ ಉರುಳುತ್ತ ಬೀಜದ ಉರುಳೆಯನ್ನು ತಿರುಗಿಸುವ ಚಕ್ರವನ್ನು, ನೆಲ ಬಿಟ್ಟು ಎತ್ತಿ ನಿಲ್ಲಿಸಿ. ಚಕ್ರದ ಸುತ್ತಳತೆ ಅಳೆಯಿರಿ. ಉದಾಹರಣೆಗೆ ಚಕ್ರದ ಅಡ್ಡಗಲ 40 ಸೆಂ.ಮೀ. ಇದ್ದರೆ ಸುತ್ತಳತೆ ಸುಮಾರು 1.26 ಮೀಟರ್. 30 ಸೆಂ.ಮೀ. ಅಂತರದ ಒಂಬತ್ತು ತಾಳಿನ ಕೂರಿಗೆ ಬಿತ್ತುವ ಅಗಲ 2.7 ಮೀಟರ್. ಒಂದು ಗುಂಟೆ ಎಂದರೆ 101 ಚದರ ಮೀಟರ್. ಅದನ್ನು 2.7ರಿಂದ, ಬಂದ ಉತ್ತರವನ್ನು 1.26ರಿಂದ ಭಾಗಿಸಿದರೆ ಸುಮಾರು 30. ಅಂದರೆ ಚಕ್ರ ಮೂವತ್ತು ಸುತ್ತು ತಿರುಗಿದರೆ ಒಂದು ಗುಂಟೆ ಬಿತ್ತಿದಂತೆ.

ಕೊಳವೆಗಳಿಗೆ ಚೀಲ ಕಟ್ಟಿ ಚಕ್ರವನ್ನು ಕೈಯಿಂದ ಮೂವತ್ತು ಸುತ್ತು ತಿರುಗಿಸಿ ತೂಗಿ. ಶೇಂಗಾ ಎಕರೆಗೆ 45 ಕಿಲೋ ಬೀಳಬೇಕಾದರೆ ಗುಂಟೆಗೆ 1,125 ಗ್ರಾಂ, ಕೊಳವೆಗೆ 125 ಗ್ರಾಂ. ಒಟ್ಟು ತೂಕ ಸರಿಯಿದ್ದರೂ ಒಂದು ಕೊಳವೆಯಲ್ಲಿ 90, ಇನ್ನೊಂದರಲ್ಲಿ 160 ಬಂದರೆ ಯಂತ್ರ ಸರಿಯಿಲ್ಲ. ಚೀಲದ ಬೀಜವನ್ನು ಅಂಗೈಗೆ ಸುರಿದುಕೊಂಡು ಒಡೆದದ್ದು, ಸಿಪ್ಪೆ ಹೋದದ್ದು ಎಷ್ಟೆಂದು ಎಣಿಸಿ.

ಈ ಹಂತದಲ್ಲಿ ಆಗುವ ತಪ್ಪುಗಳು: ಬೀಜೋಪಚಾರ ಮಾಡುವ ಮುಂಚೆ ಅಳೆದು, ಆಮೇಲೆ ರೈಜೋಬಿಯಂ (ಸಾರಜನಕ ಹಿಡಿಯುವ ಸೂಕ್ಷ್ಮಾಣು) ಅಂಟು ಹಚ್ಚಿದ ಬೀಜವನ್ನು ಹಸಿಯಾಗಿಯೇ ತುಂಬುವುದು. ಅಂಟಿದ ಬೀಜ ಅಷ್ಟು ಸರಾಗವಾಗಿ ಇಳಿಯುವುದಿಲ್ಲ. ನೆರಳಲ್ಲಿ ಒಣಗಿಸಿ, ಒಣಗಿದ ಬೀಜದಿಂದಲೇ ಅಳೆಯಿರಿ. ಇನ್ನೊಂದು, ಚಕ್ರದ ಜಾರುವಿಕೆಯನ್ನು ಮರೆಯುವುದು. ಕಲ್ಲು ಹೊಲದಲ್ಲಿ ನೆಲಚಕ್ರ ಅಲ್ಲಲ್ಲಿ ಎದ್ದು ತಿರುಗದೆ ಸಾಗುತ್ತದೆ. ಚಕ್ರಕ್ಕೆ ಬಟ್ಟೆ ಕಟ್ಟಿ, ಹೊಲದಲ್ಲಿ ಓಡಿಸಿ, ಮೂವತ್ತು ಸುತ್ತಿಗೆ ಎಷ್ಟು ದೂರ ಹೋಯಿತೆಂದು ಅಳೆಯಿರಿ. ಮೇಲಿನ ಚಕ್ರ ಜಾರದಿದ್ದರೆ 37.7 ಮೀಟರ್ ಹೋಗಬೇಕು. 41 ಮೀಟರ್ ಹೋದರೆ ಬೀಜ ನೂರಕ್ಕೆ ಎಂಟರಷ್ಟು ಕಡಿಮೆ ಬೀಳುತ್ತಿದೆ ಎಂದರ್ಥ. ಅಷ್ಟನ್ನು ಅಳತೆಯಲ್ಲಿ ಹೆಚ್ಚಿಸಿಕೊಳ್ಳಿ.

5. ಪಕ್ಕಪಕ್ಕದ ಪಟ್ಟಿಗಳಲ್ಲಿ ಬಿತ್ತಿ

ಒಂದು ಯಂತ್ರವನ್ನು ಮೇಲಿನ ಹೊಲಕ್ಕೆ, ಇನ್ನೊಂದನ್ನು ಕೆಳಗಿನ ಹೊಲಕ್ಕೆ ಹಾಕಿದರೆ ನೀವು ಹೋಲಿಸಿದ್ದು ಮಣ್ಣನ್ನು, ಯಂತ್ರವನ್ನಲ್ಲ. ಒಂದೇ ಹೊಲದಲ್ಲಿ, ಒಂದೇ ದಿನ, ಒಂದೇ ಚೀಲದ ಬೀಜದಿಂದ, ಒಂದು ಪಟ್ಟಿ ಇದು, ಪಕ್ಕದ ಪಟ್ಟಿ ಅದು ಎಂದು ಬದಲಿಸುತ್ತ ಪ್ರತಿ ಯಂತ್ರಕ್ಕೂ ಮೂರು ಪಟ್ಟಿ ಕೊಡಿ. ಪಟ್ಟಿ 50 ಮೀಟರ್ ಉದ್ದವಿರಲಿ. ಗೂಟ ನೆಟ್ಟು ಬಟ್ಟೆಯ ಬಣ್ಣವನ್ನು ಪುಸ್ತಕದಲ್ಲಿ ಬರೆಯಿರಿ. ಮಳೆ ಬಂದ ಮೇಲೆ ಯಾವುದು ಯಾವುದೆಂದು ನೆನಪಿರುವುದಿಲ್ಲ.

ಆಳ ಶೇಂಗಾಕ್ಕೆ, ಮೆಕ್ಕೆಜೋಳಕ್ಕೆ ಸುಮಾರು 5 ಸೆಂ.ಮೀ., ರಾಗಿ ನವಣೆಗೆ 2ರಿಂದ 3. ವೇಗ ಗಂಟೆಗೆ ಮೂರೂವರೆ ಕಿಲೋಮೀಟರ್ ಸುತ್ತಮುತ್ತ ಇರಲಿ, ಅಂದರೆ 30 ಮೀಟರ್ ದಾಟಲು 30 ಸೆಕೆಂಡು. ಬಾಡಿಗೆ ಎಕರೆ ಲೆಕ್ಕದಲ್ಲಿದ್ದರೆ ಚಾಲಕನಿಗೆ ಅವಸರವಿರುತ್ತದೆ. ವೇಗದ ಮಾತನ್ನು ಮೊದಲೇ ಆಡಿಕೊಳ್ಳಿ. ಕಲ್ಲಿನ ಮೇಲೆ ವೇಗ ಹೆಚ್ಚಿದಷ್ಟೂ ತಾಳು ಕುಣಿಯುತ್ತದೆ. ಕೂರಿಗೆ ಇಳಿಸಿಕೊಂಡೇ ಹಿಂದಕ್ಕೆ ಬಂದರೆ ಕೊಳವೆಗಳ ಬಾಯಿಗೆ ಮಣ್ಣು ತುಂಬುತ್ತದೆ, ಮುಂದಿನ ಸಾಲೆಲ್ಲ ಖಾಲಿ. ತಿರುವಿನಲ್ಲಿ ಎತ್ತಿಯೇ ತಿರುಗಿಸಬೇಕು.

ಬಟ್ಟಲಿಗೆ ಬೀಜ ಬಿಡಲು ಕೂರಿಗೆಯ ಮೇಲೆ ಹೆಂಗಸರನ್ನು ಕೂರಿಸುವುದು ನಮ್ಮ ಕಡೆ ರೂಢಿ. ಕಲ್ಲು ಹೊಲದಲ್ಲಿ ಆ ಚೌಕಟ್ಟು ಎಗರಿ ಬೀಳುತ್ತದೆ. ಹಿಡಿಕೆ, ಕಾಲಿಡಲು ಹಲಗೆ ಇಲ್ಲದ ಕೂರಿಗೆಯ ಮೇಲೆ ಯಾರನ್ನೂ ಕೂರಿಸಬೇಡಿ, ಮಕ್ಕಳನ್ನಂತೂ ಯಾವ ಕಾರಣಕ್ಕೂ ಬೇಡ.

ಬಿತ್ತಿದ ಮೇಲೆ ಎರಡೂ ಯಂತ್ರದ ಪಟ್ಟಿಗಳನ್ನು ಒಂದೇ ರೀತಿ ಮುಚ್ಚಿ. ಕಲ್ಲು ಹೊಲದಲ್ಲಿ ಮಣ್ಣು ಮುಚ್ಚಲು ಎಳೆಯುವ ಹಲಗೆ ಎಲ್ಲ ಕಡೆ ತಾಗುವುದಿಲ್ಲ; ರಾಗಿ ನವಣೆಗೆ ಜಾಲಿಮುಳ್ಳಿನ ಕಟ್ಟು ಎಳೆಯುವ ಹಳೆಯ ಪದ್ಧತಿ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

6. ಎಣಿಸಿ, ಆಮೇಲೆ ಅಗೆದು ನೋಡಿ

ಬಿತ್ತಿದ ಹನ್ನೆರಡನೆಯ ದಿನ ಹಗ್ಗ ತೆಗೆದುಕೊಂಡು ಹೋಗಿ. 30 ಸೆಂ.ಮೀ. ಸಾಲಿನಲ್ಲಿ 13.5 ಮೀಟರ್ ಉದ್ದ ಎಂದರೆ ಎಕರೆಯ ಸಾವಿರದ ಒಂದು ಪಾಲು. ಅಷ್ಟರೊಳಗಿನ ಸಸಿ ಎಣಿಸಿ ಮೂರು ಸೊನ್ನೆ ಸೇರಿಸಿದರೆ ಎಕರೆಯ ಸಸಿಗಳ ಸಂಖ್ಯೆ. ಮೆಕ್ಕೆಜೋಳದ 60 ಸೆಂ.ಮೀ. ಸಾಲಿಗೆ ಹಗ್ಗದ ಅರ್ಧ, ನಡುವಿನ ಗಂಟಿನವರೆಗೆ ಸಾಕು. ಪ್ರತಿ ಪಟ್ಟಿಯಲ್ಲೂ ಮೂರು ಸಾಲು ಎಣಿಸಿ. ಕಣ್ಣಿಗೆ ಚೆಂದ ಕಂಡ ಸಾಲನ್ನು ಆರಿಸಬೇಡಿ. ಎಡದಿಂದ ಎರಡನೆಯದು, ಐದನೆಯದು, ಎಂಟನೆಯದು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಶೇಂಗಾ 10 ಸೆಂ.ಮೀ.ಗೊಂದು ಬಿದ್ದರೆ ಹಗ್ಗದುದ್ದಕ್ಕೆ 135 ಬೀಜ. ಆದರೆ ಬೀಜವೆಲ್ಲ ಹುಟ್ಟುವುದಿಲ್ಲ. ಒದ್ದೆ ಗೋಣಿಚೀಲದಲ್ಲಿ ನೂರು ಬೀಜ ಸುತ್ತಿಟ್ಟು ಮೊದಲೇ ಮೊಳಕೆ ಎಣಿಸಿರಬೇಕು. ಪ್ರಮಾಣಿತ ಶೇಂಗಾ ಬೀಜಕ್ಕೆ ನಿಗದಿಯಾದ ಕನಿಷ್ಠ ಮೊಳಕೆಯೇ ನೂರಕ್ಕೆ 70. ನಿಮ್ಮ ಬೀಜ 85 ಮೊಳೆತಿದ್ದರೆ ಹಗ್ಗದಲ್ಲಿ 115 ಸಿಗಬೇಕು. ಅದಕ್ಕಿಂತ ಕಡಿಮೆ ಬಂದದ್ದು ಮಾತ್ರ ಯಂತ್ರದ, ಕಲ್ಲಿನ ಲೆಕ್ಕಕ್ಕೆ.

ಅಂತರವನ್ನೂ ನೋಡಿ. ಇರಬೇಕಾದ ಅಂತರದ ಒಂದೂವರೆಯಷ್ಟಕ್ಕಿಂತ ಹೆಚ್ಚಿದ್ದರೆ ಬೀಜ ತಪ್ಪಿದೆ, ಅರ್ಧಕ್ಕಿಂತ ಕಡಿಮೆಯಿದ್ದರೆ ಜೋಡಿ ಬಿದ್ದಿದೆ. ಈ ಅಳತೆಯನ್ನು ಒಂದೊಂದೇ ಬೀಜ ಬಿಡುವ ಯಂತ್ರಗಳಿಗೆ ಮಾತ್ರ ಹಚ್ಚಿ. ಧಾರೆಯಾಗಿ ಬಿಡುವ ಹಲ್ಲುರುಳೆಯನ್ನು, ಕೈಬಟ್ಟಲನ್ನು ಹೀಗೆ ಅಳೆಯುವುದು ನ್ಯಾಯವಲ್ಲ. ಅವುಗಳಿಗೆ ಒಟ್ಟು ಸಸಿ, ಅತಿ ಉದ್ದದ ಖಾಲಿ ಎಷ್ಟು ಎಂಬುದನ್ನು ನೋಡಿದರೆ ಸಾಕು.

ಎಣಿಕೆ ಎಷ್ಟು ಎಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಅದಕ್ಕೆ ಖಾಲಿ ಜಾಗದಲ್ಲಿ ಮಂಡಿಯೂರಿ ಕುಳಿತು ಕುಡುಗೋಲಿನ ತುದಿಯಿಂದ ಸಾಲನ್ನು ಮೆಲ್ಲಗೆ ಬಿಡಿಸಬೇಕು. ಮೂರು ಸಂಗತಿಗಳಲ್ಲಿ ಯಾವುದಾದರೂ ಒಂದು ಕಾಣುತ್ತದೆ.

ಬೀಜವೇ ಇಲ್ಲದಿದ್ದರೆ ಕೊಳವೆ ಕಟ್ಟಿದೆ ಅಥವಾ ಚಕ್ರ ಜಾರಿದೆ. ಬೀಜ ಇದ್ದೂ ಮೊಳೆಯದಿದ್ದರೆ ತೇವ ಸಿಕ್ಕಿಲ್ಲ: ತೀರ ಮೇಲೆ ಬಿದ್ದಿದೆ, ಇಲ್ಲವೇ ಕಲ್ಲಿನ ಪಕ್ಕದ ಪೊಳ್ಳಿನಲ್ಲಿ ಮಣ್ಣು ತಾಗದೆ ಉಳಿದಿದೆ. ಅಂಗೈ ಅಗಲದ ಬೆಣಚುಕಲ್ಲು, ಅದರ ಮೇಲೆ ಕೂತ ಶೇಂಗಾ ಬೀಜ, ಬಿಳಿಯ ಬೇರು ಕೆಳಗೆ ಹೋಗಲು ದಾರಿಯಿಲ್ಲದೆ ಅಡ್ಡಕ್ಕೆ ಹೊರಳಿ, ತುದಿ ಕಂದಾಗಿ ಒಣಗಿದ್ದು: ಇದನ್ನು ಒಮ್ಮೆ ಕಂಡರೆ ಮುಷ್ಟಿಗಲ್ಲನ್ನು ಏಕೆ ಆಯಬೇಕೆಂದು ಯಾರೂ ಹೇಳಬೇಕಾಗಿಲ್ಲ. ಮೂರನೆಯದು, ಮೊಳೆತೂ ಮೇಲೆ ಬರಲಾಗದೆ ಒಳಗೇ ಸುರುಳಿ ಸುತ್ತಿಕೊಂಡಿರುವುದು. ಅದು ಅತಿ ಆಳ ಅಥವಾ ಮೇಲೆ ಕಲ್ಲು.

ಹುಟ್ಟಿದ ಸಸಿಗಳ ಆಳವನ್ನೂ ಅಳೆಯಿರಿ. ಮೆಕ್ಕೆಜೋಳದ ಸಸಿಯನ್ನು ಬೀಜ ಸಮೇತ ಕಿತ್ತರೆ ಬೀಜದಿಂದ ಹಸಿರು ಶುರುವಾಗುವವರೆಗಿನ ಬಿಳಿಯ ಭಾಗವೇ ಬಿತ್ತನೆಯ ಆಳ. ಪ್ರತಿ ಪಟ್ಟಿಯಿಂದ ಹತ್ತು ಸಸಿ ಸಾಕು. ಸರಾಸರಿಗೆ ಮೋಸ ಹೋಗಬೇಡಿ. ಒಂದು ಯಂತ್ರದ್ದು 4, 5, 5, 6 ಎಂದಿದ್ದು, ಇನ್ನೊಂದರದ್ದು 2, 3, 7, 8 ಎಂದಿದ್ದರೆ ಸರಾಸರಿ ಎರಡಕ್ಕೂ ಐದೇ. ನಾನು ಮೊದಲನೆಯದನ್ನು ಕೊಳ್ಳುತ್ತೇನೆ, ಎಕರೆಗೆ ಸ್ವಲ್ಪ ಹೆಚ್ಚು ಹೊತ್ತು ಹಿಡಿದರೂ ಸರಿಯೇ.

7. ಖಾಲಿಗಳನ್ನು ತುಂಬಿ, ಗುರುತು ಹಾಕಿ

ಎರಡು ಮೊಳಕ್ಕಿಂತ ಉದ್ದದ ಖಾಲಿ ಇದ್ದರೆ ನೆಲದಲ್ಲಿ ಹದ ಇರುವಾಗಲೇ ಕೈಯಿಂದ ಬೀಜ ಊರಿ. ಶೇಂಗಾ ಹೊಲದಲ್ಲಿ ಹನ್ನೆರಡು ದಿನ ತಡವಾದ ಶೇಂಗಾಕ್ಕಿಂತ ಅಲ್ಲಿ ತೊಗರಿಯ ಎರಡು ಕಾಳು ಊರುವುದು ಮೇಲು. ಅದು ನಿಧಾನದ ಬೆಳೆ, ಶೇಂಗಾ ಕಿತ್ತ ಮೇಲೂ ನಿಂತು ಬೆಳೆಯುತ್ತದೆ. ಅಗೆದಾಗ ಕಲ್ಲು ಸಿಕ್ಕ ಜಾಗಗಳಿಗೆ ಒಂದೊಂದು ಗೂಟ ನೆಟ್ಟಿರಿ. ಶೇಂಗಾ ಕಿತ್ತ ವಾರದಲ್ಲಿ, ನೆಲ ಇನ್ನೂ ಸಡಿಲವಿರುವಾಗ, ಆ ಗೂಟಗಳ ಬುಡದಿಂದಲೇ ಮುಂದಿನ ವರ್ಷದ ಕಲ್ಲು ತೆಗೆಯಲು ಶುರುಮಾಡಿ.